ಪಿ.ಎಫ್. ಪುಸ್ತಕದ ಒಂದು ಸಾಲು

ನನ್ನ ಪೊಲೀಸ್ ಸರ್ವಿಸಿನ ದೊಡ್ಡ ಪಾಲು ಕಳೆದದ್ದು ಮಲೆನಾಡಿನ ಅಂಚಿನ ಒಂದು ತಾಲ್ಲೂಕು ಠಾಣೆಯ ಮುದ್ದೆಮಾಲು ಕೊಠಡಿಯಲ್ಲಿ. ಹೆಡ್ ಕಾನ್‌ಸ್ಟೇಬಲ್ ಆದ ಮೇಲೆ ಅದರ ಬೀಗದ ಕೈ ನನ್ನ ವಶಕ್ಕೆ ಬಂತು. ಕಳುವಾಗಿ ಸಿಕ್ಕ ಸರ, ಹೊಡೆದಾಟದಲ್ಲಿ ಬಳಸಿದ ಕತ್ತಿ, ರಕ್ತ ಮೆತ್ತಿದ ಅಂಗಿ, ಇಸ್ಪೀಟು ಅಡ್ಡೆಯ ದುಡ್ಡು, ಗಾಂಜಾ ಮೂಟೆ, ಅಪಘಾತದಲ್ಲಿ ತೀರಿಕೊಂಡವರ ಮೊಬೈಲು, ಎಲ್ಲವೂ ಅಲ್ಲಿಗೇ ಬರುತ್ತಿದ್ದವು. ಹೊರಗಿನವರು ಕೇಳುತ್ತಿದ್ದದ್ದು ಒಂದೇ: ಬೀಗ ಗಟ್ಟಿ ಇದೆಯಾ? ತಪಾಸಣೆಗೆ ಬರುವ ಅಧಿಕಾರಿಗಳೂ ಮೊದಲು ಬೀಗ ಎಳೆದು ನೋಡುತ್ತಿದ್ದರು. ಬೀಗ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ವಸ್ತುವನ್ನು ನಿಜವಾಗಿ ಕಾಯುವುದು ಅದು ಸಿಕ್ಕ ದಿನ ಪಂಚರೆದುರು ಬರೆದ ವಿವರಣೆ. ಈ ಮಾತನ್ನು ಹೊಸ ಹುಡುಗರಿಗೆ ಎಷ್ಟು ಸಲ ಹೇಳಿದ್ದೇನೋ.

ಜಪ್ತಿ ಮಾಡಿದ ವಸ್ತು ಮೊದಲು ಮಹಜರಿನಲ್ಲಿ ಬರುತ್ತದೆ. ಆಮೇಲೆ ಅದಕ್ಕೆ ಪಿ.ಎಫ್. ನಂಬರ್ ಬೀಳುತ್ತದೆ, ಅಂದರೆ ಪ್ರಾಪರ್ಟಿ ಫಾರಂ. ಅದರ ವರದಿ ಮ್ಯಾಜಿಸ್ಟ್ರೇಟರಿಗೆ ಹೋಗುತ್ತದೆ, ಠಾಣೆಯ ರಿಜಿಸ್ಟರಿನಲ್ಲಿ ನಮೂದಾಗುತ್ತದೆ, ವಸ್ತುವಿನ ಮೇಲೆ ಪಂಚರ ಸಹಿಯ ಚೀಟಿ ಅಂಟುತ್ತದೆ. ವಿಚಾರಣೆಗೆ ಬಂದಾಗ ಕೋರ್ಟು ಅದನ್ನು ಎಂ.ಒ. 1, ಎಂ.ಒ. 2 (ಮೆಟೀರಿಯಲ್ ಆಬ್ಜೆಕ್ಟ್) ಎಂದು ಗುರುತಿಸುತ್ತದೆ. ಇಷ್ಟೂ ಕಡೆ ವಿವರಣೆ ಒಂದೇ ಇರಬೇಕು. ಮಹಜರಿನಲ್ಲಿ 'ಮರದ ಹಿಡಿಯ ಕತ್ತಿ' ಎಂದಿದ್ದು ಪಿ.ಎಫ್.ನಲ್ಲಿ ಬರೀ 'ಮಚ್ಚು' ಎಂದಾದರೆ, ಆರೋಪಿಯ ವಕೀಲರು ಐದಾರು ವರ್ಷದ ಮೇಲೆ ಸಾಕ್ಷಿಕಟ್ಟೆಯಲ್ಲಿ ನಿಂತ ಪಂಚನನ್ನು ಕೇಳುವುದು ಅದನ್ನೇ: "ಅವತ್ತು ನೋಡಿದ್ದು ಇದೇ ಅಂತ ಹೇಗೆ ಹೇಳ್ತೀರಿ?" ಆ ಪ್ರಶ್ನೆ ಕೇಳುವ ಹಕ್ಕು ಅವರಿಗಿದೆ. ಉತ್ತರ ನಮ್ಮ ಕಾಗದದಲ್ಲಿ ಇರಬೇಕು.

ಚಿನ್ನದ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಸರಗಳ್ಳರ ಒಂದು ಗುಂಪು ಸಿಕ್ಕಿಬಿದ್ದಾಗ ಹಲವು ಊರುಗಳ ಒಡವೆ ಒಟ್ಟಿಗೆ ನಮ್ಮ ಠಾಣೆಗೆ ಬಂದವು. ಅದರಲ್ಲೊಂದು ಮಾಂಗಲ್ಯ ಸರ. ಕಳೆದುಕೊಂಡ ಹೆಂಗಸು ದೂರು ಕೊಡಲು ಬಂದ ದಿನ ನಮ್ಮ ಸ್ಟೇಷನ್ ರೈಟರ್ ತಾಳ್ಮೆಯಿಂದ ಕೂರಿಸಿಕೊಂಡು ಒಂದೊಂದೇ ಕೇಳಿ ಬರೆದಿದ್ದರು: ಎರಡು ತಾಳಿಯಲ್ಲಿ ಒಂದರ ಕೊಂಡಿ ಮುರಿದು ಬೆಸುಗೆ ಹಾಕಿಸಿದ್ದು, ನಡುವಿನ ಹವಳಗಳಲ್ಲಿ ಒಂದು ಬೇರೆ ಬಣ್ಣದ್ದು. ಸಿಕ್ಕ ಸರದಲ್ಲಿ ಅವೆರಡೂ ಇದ್ದವು. ಅದೇ ರಾಶಿಯ ಮತ್ತೊಂದು ಸರದ ದೂರಿನಲ್ಲಿ ಇದ್ದದ್ದು 'ಸುಮಾರು ಎರಡು ತೊಲ ಬಂಗಾರದ ಸರ' ಎಂಬಷ್ಟೇ ಮಾತು. ಅದಕ್ಕೆ ಇಬ್ಬರು ಬಂದರು, ಇಬ್ಬರೂ ತಮ್ಮದೇ ಎಂದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ ಎಂದೇ ನನಗೆ ಈಗಲೂ ಅನಿಸುತ್ತದೆ. ಕರಗಿಸಿ ಗಟ್ಟಿ ಮಾಡಿದ ಚಿನ್ನವಾದರೆ ಗುರುತು ಹಿಡಿಯುವುದು ಮತ್ತೂ ಕಷ್ಟ; ತೂಕ, ಅಂಗಡಿ ರಸೀದಿ, ಆರೋಪಿ ಯಾವ ಕಳುವಿನದೆಂದು ತೋರಿಸಿದ್ದು, ಇವನ್ನೇ ಜೋಡಿಸಬೇಕು. ಆದ್ದರಿಂದಲೇ ಮಹಜರಿನ ಜಾಗದಲ್ಲೇ ಅಕ್ಕಸಾಲಿಗರನ್ನು ಕರೆಸಿ ಪಂಚರೆದುರು ತೂಗಿಸಬೇಕು ಎಂದು ನಾನು ಹಟ ಹಿಡಿಯುತ್ತಿದ್ದೆ.

ಆ ಮಾಂಗಲ್ಯದ ಹೆಂಗಸು ಠಾಣೆಗೆ ಬಂದು ಕೇಳಿದ್ದು ಮರೆತಿಲ್ಲ. "ಅಣ್ಣಾ, ನನ್ನ ತಾಳಿ ಇಲ್ಲೇ ಐತೆ ಅಂತೀರಿ, ಕಣ್ಣಾರೆ ತೋರಿಸಿದ್ರಿ. ಕೊಡಕ್ಕೆ ಏನು ಅಡ್ಡಿ?"

"ಕೊಡೋ ಅಧಿಕಾರ ನಮಗಿಲ್ಲ ಕಣಮ್ಮ. ಕೋರ್ಟಿಂದ ಆರ್ಡರ್ ಆಗಬೇಕು. ನೀವು ಅರ್ಜಿ ಹಾಕಿ, ನಾವು ಅಡ್ಡ ಬರಲ್ಲ."

ಆಕೆ ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಕೊಂಡಿದ್ದರು. ಕೇಸು ಮುಗಿಯುವವರೆಗೆ ಹಾಗೇ ಇರಿ ಎಂದು ಹೇಳುವುದು ಯಾವ ನ್ಯಾಯ? ಕಾನೂನು ಹಾಗೆ ಹೇಳುವುದೂ ಇಲ್ಲ. ನಮ್ಮ ರಾಜ್ಯದ್ದೇ ಒಂದು ಪ್ರಕರಣವಿದೆ. ಬಸವ್ವ ಎಂಬುವರ ಮನೆಯಲ್ಲಿ ಕಳುವಾದ ಒಡವೆ ಸಿಕ್ಕಿ, ಪೊಲೀಸರ ವಶದಲ್ಲಿದ್ದಾಗ ಮತ್ತೆ ಕಾಣೆಯಾದವು. ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. ಅಗತ್ಯಕ್ಕಿಂತ ಒಂದು ದಿನವೂ ಹೆಚ್ಚು ವಸ್ತುವನ್ನು ಇಟ್ಟುಕೊಳ್ಳಬಾರದು, ಕಳೆದರೆ ಸರ್ಕಾರ ಅದರ ಬೆಲೆ ಕಟ್ಟಿಕೊಡಬೇಕು ಎಂಬ ತತ್ವ ಆ 1977ರ ತೀರ್ಪಿನಿಂದ ಬಂತು. 2002ರ ಸುಂದರ್‌ಭಾಯಿ ಪ್ರಕರಣದಲ್ಲಿ ಅದೇ ಕೋರ್ಟು ಮತ್ತೂ ಬಿಡಿಸಿ ಹೇಳಿತು: ಫೋಟೊ ತೆಗೆಯಿರಿ, ವಿವರವಾದ ಪಂಚನಾಮೆ ಮಾಡಿ, ಬಾಂಡು ಮತ್ತು ಜಾಮೀನು ಪಡೆದು ಮಾಲೀಕರಿಗೆ ಕೊಡಿ, ಹದಿನೈದು ದಿನ, ಹೆಚ್ಚೆಂದರೆ ಒಂದು ತಿಂಗಳಿಗಿಂತ ಠಾಣೆಯಲ್ಲಿ ಇಡಬೇಡಿ. ಗುಜರಾತಿನಲ್ಲಿ ಮುದ್ದೆಮಾಲನ್ನೇ ಬದಲಿಸಿದರು, ದುಡ್ಡು ತಿಂದರು ಎಂಬ ಆರೋಪ ಪೊಲೀಸರ ಮೇಲೆಯೇ ಬಂದ ಪ್ರಕರಣ ಅದು. ಓದಿದಾಗ ನನಗೆ ಸಂಕಟವಾಯಿತು, ಆದರೆ ತೀರ್ಪು ಸರಿ.

ಮಾಂಗಲ್ಯವನ್ನು ಮ್ಯಾಜಿಸ್ಟ್ರೇಟರು ಬಾಂಡಿನ ಮೇಲೆ ಬಿಟ್ಟುಕೊಟ್ಟರು. ಇನ್ನೊಂದು ಸರದ ತಕರಾರು ಬಹುಕಾಲ ಎಳೆಯಿತು.

2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದಾಗ ಇಡೀ ದೇಶ ಬ್ಯಾಂಕಿನ ಕಡೆ ಓಡಿತು. ನಾನು ಓಡಿದ್ದು ಮುದ್ದೆಮಾಲು ಕೊಠಡಿಯ ಟ್ರಂಕಿನ ಕಡೆಗೆ. ಕಳುವಿನಲ್ಲಿ, ಜೂಜಿನಲ್ಲಿ ಜಪ್ತಾದ ಹಳೇ ನೋಟುಗಳು ಒಳಗಿದ್ದವು. ಅವುಗಳ ಒಡೆಯರು ಸಾಲಿನಲ್ಲಿ ನಿಂತು ಬದಲಿಸುವಂತಿರಲಿಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಇದಕ್ಕೆಂದೇ ನಿಯಮ ತಂದಿತು. ಜಪ್ತಿ ಮಾಡಿದವರು ನೋಟಿನ ಸಂಖ್ಯೆ ಬರೆದಿಟ್ಟಿರಬೇಕು, ಕೋರ್ಟಿನ ಆದೇಶದಲ್ಲೂ ಆ ಸಂಖ್ಯೆ ಇರಬೇಕು. ಹಾಗಿದ್ದರೆ ಹಣ ಪಡೆಯಬಹುದು. ಸಂಖ್ಯೆ ಬರೆದ ಪಟ್ಟಿ ಇದ್ದ ಲಕೋಟೆಗಳಿಗೆ ಬೆಲೆ ಉಳಿಯಿತು. 'ಒಟ್ಟು ನಗದು ಇಷ್ಟು' ಎಂದು ಬರೆದು ಮುಗಿಸಿದ್ದರೆ ಒಳಗಿರುವುದು ಬರೀ ಕಾಗದ. ನೋಟಿನ ನಂಬರ್ ಬರೆಯುವುದು ಬೇಸರದ ಕೆಲಸ, ಕೈ ನೋಯುತ್ತದೆ, ಸಿಬ್ಬಂದಿ ಗೊಣಗುತ್ತಾರೆ. ಆ ವರ್ಷದ ಮೇಲೆ ನಮ್ಮಲ್ಲಿ ಯಾರೂ ಗೊಣಗಲಿಲ್ಲ.

ವಸ್ತು ಕೆಡದಂತೆ ನೋಡಿಕೊಳ್ಳುವುದೂ ಒಂದು ವಿದ್ಯೆ. ಮಲೆನಾಡಿನ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ರಕ್ತದ ಬಟ್ಟೆಯನ್ನು ಹಸಿಯಾಗಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿದು ಪರೀಕ್ಷೆಗೆ ಬಾರದಂತಾಗುತ್ತದೆ. ನೆರಳಲ್ಲಿ ಗಾಳಿಗೆ ಒಣಗಿಸಿ, ಕಾಗದದಲ್ಲಿ ಸುತ್ತಿ, ಬಟ್ಟೆ ಹೊಲಿದು ಅರಗಿನ ಸೀಲು ಹಾಕಬೇಕು. ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯವಾದ ಎಫ್‌ಎಸ್‌ಎಲ್‌ಗೆ ಒಯ್ಯುವಾಗ ಮಾದರಿ ಸೀಲು ಜೊತೆಗೆ ಹೋಗಬೇಕು, ಯಾರ ಕೈಯಿಂದ ಯಾರ ಕೈಗೆ, ಯಾವಾಗ ಎಂಬುದು ಪ್ರತಿ ಹಂತದಲ್ಲೂ ಬರೆದಿರಬೇಕು. ಹಸಿ ಗಾಂಜಾ ಒಣಗಿದಷ್ಟೂ ತೂಕ ಇಳಿಯುತ್ತದೆ. ಜಪ್ತಿಯ ದಿನ 'ಹಸಿ' ಎಂಬ ಎರಡಕ್ಷರ ಬಿಟ್ಟುಹೋದರೆ, ಮುಂದೆ ಕಡಿಮೆಯಾದ ತೂಕಕ್ಕೆ ಕೊಠಡಿ ಕಾಯುವವನೇ ಉತ್ತರ ಕೊಡಬೇಕಾಗುತ್ತದೆ.

ವಾಹನಗಳದ್ದು ಬೇರೆ ಗೋಳು. ಠಾಣೆಯ ಹಿಂದೆ ಬಳ್ಳಿ ಹಬ್ಬಿದ ಬೈಕುಗಳನ್ನು ನೀವೂ ನೋಡಿರುತ್ತೀರಿ. ಎಷ್ಟೋ ಮಾಲೀಕರಿಗೆ ಬಿಡಿಸಿಕೊಳ್ಳಬಹುದೆಂದೇ ಗೊತ್ತಿರುವುದಿಲ್ಲ. ಅಕ್ರಮ ಮದ್ಯ, ಮರ ಸಾಗಿಸಿದ ಗಾಡಿಯಾದರೆ ಅಬಕಾರಿ, ಅರಣ್ಯ ಇಲಾಖೆಯ ಅಧಿಕಾರಿಯೇ ಮುಟ್ಟುಗೋಲಿನ ತೀರ್ಮಾನ ಮಾಡುವುದರಿಂದ ದಾರಿ ಬೇರೆ.

2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ನನಗೆ ಸಮಾಧಾನ ಕೊಟ್ಟ ಕಲಮುಗಳಿವೆ. ಶೋಧ, ಜಪ್ತಿಯನ್ನು ವಿಡಿಯೊ ಮಾಡಲೇಬೇಕು. ವಸ್ತುವನ್ನು ಹಾಜರುಪಡಿಸಿದ ಹದಿನಾಲ್ಕು ದಿನದೊಳಗೆ ಕೋರ್ಟು ಅದರ ವಿವರಪಟ್ಟಿ ಮಾಡಿಸಿ ಫೋಟೊ ತೆಗೆಸಬೇಕು, ಅಲ್ಲಿಂದ ಮೂವತ್ತು ದಿನದೊಳಗೆ ವಿಲೇವಾರಿಯ ಆದೇಶ ಕೊಡಬೇಕು. ಆ ಫೋಟೊವೇ ವಿಚಾರಣೆಯಲ್ಲಿ ಸಾಕ್ಷ್ಯ. ಇದು ಕಾಗದದ ಮೇಲೆ ಉಳಿಯದಿರಲು ಪ್ರತಿ ಠಾಣೆಯಲ್ಲೂ ಈ ಕೆಲಸಕ್ಕೇ ತರಬೇತಾದ ಒಬ್ಬರು ಬೇಕು. ಬಂದೋಬಸ್ತಿಗೂ ಕಳಿಸಿ, ಕೋರ್ಟ್ ಡ್ಯೂಟಿಗೂ ಹಾಕಿ, ಉಳಿದ ಹೊತ್ತಿನಲ್ಲಿ ಮುದ್ದೆಮಾಲು ನೋಡು ಎಂದರೆ ಆಗುವ ಮಾತಲ್ಲ.

ವಸ್ತು ಕಳೆದುಕೊಂಡವರು ದೂರು ಕೊಡುವಾಗ ರಸೀದಿ, ಒಡವೆ ಹಾಕಿಕೊಂಡ ಒಂದು ಫೋಟೊ, ಮೊಬೈಲಾದರೆ ಐಎಂಇಐ ಸಂಖ್ಯೆ ತನ್ನಿ. ಬೆಸುಗೆ, ಗೀರು, ಬದಲಿಸಿದ ಮಣಿ, ಏನೇ ಗುರುತಿದ್ದರೂ ಬರೆಸಿ, ಬರೆದದ್ದನ್ನು ಓದಿಸಿಕೊಂಡೇ ಸಹಿ ಹಾಕಿ. ವಸ್ತು ಸಿಕ್ಕಿದೆ ಎಂದು ತಿಳಿದ ಕೂಡಲೇ ಠಾಣೆಯಲ್ಲಿ ಅಪರಾಧ ಸಂಖ್ಯೆಯನ್ನೂ ಪಿ.ಎಫ್. ನಂಬರನ್ನೂ ಕೇಳಿ ಬರೆದುಕೊಳ್ಳಿ. ಮಧ್ಯಂತರವಾಗಿ ಬಿಡಿಸಿಕೊಡಲು ಮ್ಯಾಜಿಸ್ಟ್ರೇಟರಿಗೆ ಹಾಕುವ ಅರ್ಜಿಯಲ್ಲಿ ಅವೆರಡೂ ಬೇಕು. ವಕೀಲರನ್ನು ಇಡಲು ಶಕ್ತಿ ಇಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ಅಲ್ಲಿ ಆದಾಯದ ಮಿತಿ ನೋಡುವುದಿಲ್ಲ, ಕೋರ್ಟಿನ ಆವರಣದಲ್ಲೇ ಕೇಳಿದರೆ ಕಚೇರಿ ತೋರಿಸುತ್ತಾರೆ.