ಗಿರಾಕಿ ಕೂರುವ ಮೊದಲೇ ಕ್ಯಾಮೆರಾ ಸಿದ್ಧವಿರಲಿ

ಸ್ಟುಡಿಯೋ ತೆರೆದಿದ್ದೀಯ, ಎರಡು ಫ್ಲಾಶ್ ಲೈಟು, ಒಂದು ಸಾಫ್ಟ್‌ಬಾಕ್ಸ್, ಒಂದು ಛತ್ರಿ ಕೊಂಡಿದ್ದೀಯ. ಬಲು ಸಂತೋಷ ಮಗೂ. ಆದರೆ ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಆಮೇಲೆ ಕ್ಯಾಮೆರಾದ ಗುಂಡಿಗಳನ್ನು ತಿರುಗಿಸುತ್ತ ನಿಲ್ಲುವ ಅಭ್ಯಾಸವನ್ನು ಈಗಲೇ ಬಿಡು. ಪ್ರತಿ ಕ್ಲಿಕ್ಕಿಗೂ ನೀನು ತಲೆ ತಗ್ಗಿಸಿ ಪರದೆ ನೋಡಿ ಹುಬ್ಬು ಗಂಟಿಕ್ಕಿದರೆ, ಎದುರಿಗೆ ಕೂತವರು ತಮ್ಮ ಮುಖದಲ್ಲೇ ಏನೋ ಕೊರತೆ ಇದೆಯೆಂದು ತಿಳಿಯುತ್ತಾರೆ. ನಾಲ್ಕನೇ ಚಿತ್ರದ ಹೊತ್ತಿಗೆ ಕುತ್ತಿಗೆ ಬಿಗಿಯುತ್ತದೆ, ನಗು ಅಂಟಿಸಿದಂತಾಗುತ್ತದೆ. ಆಮೇಲೆ ಎಷ್ಟು ಮಾತಾಡಿಸಿದರೂ ಅದು ಸಡಿಲವಾಗುವುದು ಕಷ್ಟ. ಲೆಕ್ಕವೆಲ್ಲ ಅವರು ಬರುವ ಮೊದಲೇ ಮುಗಿದಿರಬೇಕು.

ಸ್ಟುಡಿಯೋದಲ್ಲಿ ಮೋಡ ಬರುವುದಿಲ್ಲ, ಬಿಸಿಲು ಜರುಗುವುದಿಲ್ಲ. ಬೆಳಕೆಲ್ಲ ನಿನ್ನ ಕೈಯಲ್ಲೇ ಇರುವಾಗ ಕ್ಯಾಮೆರಾದ ಊಹೆಗೆ ಬಿಡುವುದೇಕೆ? ಡಯಲ್ ‘ಎಂ’ ಮೇಲಿರಲಿ. ಐಎಸ್‌ಒ 100, ಶಟರ್ 1/125, ಅಪರ್ಚರ್ ಎಫ್ 8: ಇಲ್ಲಿಂದ ಶುರು ಮಾಡು. ಆಟೋ ಐಎಸ್‌ಒ ಆಫ್ ಆಗಿದೆಯೇ ಎಂದು ಒಮ್ಮೆ ಖಾತ್ರಿ ಮಾಡಿಕೋ. ಬಹಳ ಕ್ಯಾಮೆರಾಗಳಲ್ಲಿ ಅದು ‘ಎಂ’ನಲ್ಲೂ ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತದೆ. ಫೈಲ್ ರಾ ಆಗಿರಲಿ.

ಹೊಸಬರಿಗೆ ಅತಿ ಹೆಚ್ಚು ಗೊಂದಲ ಇರುವುದು ಶಟರ್ ವಿಷಯದಲ್ಲಿ. ಫ್ಲಾಶ್ ಮಿಂಚಿ ಮರೆಯಾಗಲು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು ಸಾಕು. ಲೈಟಿಗೆ ತಕ್ಕಂತೆ ತುಸು ಹೆಚ್ಚೋ ಕಡಿಮೆಯೋ ಆದೀತು. ಶಟರ್ 1/60ರಲ್ಲಿ ತೆರೆದರೂ 1/125ರಲ್ಲಿ ತೆರೆದರೂ ಆ ಮಿಂಚು ಪೂರ್ತಿಯಾಗಿ ಒಳಗೆ ಬರುತ್ತದೆ. ಹಾಗಾಗಿ ಚಿತ್ರ ಕಪ್ಪಾಯಿತೆಂದು ಶಟರ್ ನಿಧಾನ ಮಾಡಿದರೆ ಫ್ಲಾಶಿನ ಬೆಳಕೇನೂ ಹೆಚ್ಚದು. ಟ್ಯೂಬ್‌ಲೈಟಿನ ಬೆಳಕು, ಕಿಟಕಿಯ ಬೆಳಕು ಮಾತ್ರ ಹೆಚ್ಚುತ್ತದೆ. ಫ್ಲಾಶಿನ ಬೆಳಕು ಬದಲಾಗುವುದು ಅಪರ್ಚರ್‌ನಿಂದ, ಐಎಸ್‌ಒನಿಂದ, ಲೈಟಿನ ಪವರ್‌ನಿಂದ, ಅದರ ದೂರದಿಂದ.

ವೇಗ ಹೆಚ್ಚಿಸಿದರೆ ಇನ್ನೊಂದು ತೊಂದರೆ. ಶಟರ್‌ನಲ್ಲಿ ಎರಡು ಪರದೆಗಳಿವೆ. ಒಂದು ತೆರೆಯುತ್ತ ಹೋಗುತ್ತದೆ, ಇನ್ನೊಂದು ಮುಚ್ಚುತ್ತ ಬರುತ್ತದೆ. ಸೆನ್ಸರ್ ಪೂರ್ತಿ ತೆರೆದುಕೊಂಡಿರುವ ಅತಿ ಹೆಚ್ಚಿನ ವೇಗವೇ ಸಿಂಕ್ ವೇಗ, ಹೆಚ್ಚಿನ ಕ್ಯಾಮೆರಾಗಳಲ್ಲಿ ಅದು 1/160ರಿಂದ 1/250ರ ನಡುವೆ. ಅದನ್ನು ದಾಟಿದರೆ ಚಿತ್ರದ ಒಂದು ಬದಿಗೆ ಕಪ್ಪು ಪಟ್ಟಿ ಬರುತ್ತದೆ. ಕೆಲವು ರೇಡಿಯೋ ಟ್ರಿಗರ್‌ಗಳು ಫ್ಲಾಶಿಗೆ ಸುದ್ದಿ ಮುಟ್ಟಿಸುವುದರಲ್ಲಿ ಚೂರು ತಡ ಮಾಡುತ್ತವೆ. ಅದಕ್ಕೇ ಕ್ಯಾಮೆರಾದ ಪುಸ್ತಕದಲ್ಲಿ 1/200 ಎಂದಿದ್ದರೂ ನಾನು 1/125 ಎಂದದ್ದು. ಶಟರ್ ಮೆಕ್ಯಾನಿಕಲ್ ಆಗಿರಲಿ; ಸೈಲೆಂಟ್ ಶಟರ್‌ನಲ್ಲಿ ಎಷ್ಟೋ ಕ್ಯಾಮೆರಾಗಳು ಫ್ಲಾಶ್ ಹಾರಿಸುವುದೇ ಇಲ್ಲ.

ಈಗ ಟ್ರಿಗರ್ ಆಫ್ ಮಾಡಿ ಖಾಲಿ ಸ್ಟೂಲಿನದೊಂದು ಚಿತ್ರ ತೆಗೆ. ಅದು ಕಪ್ಪಗೆ ಬರಬೇಕು. ಗೋಡೆಯೋ ಸ್ಟೂಲೋ ಮಂಕಾಗಿ ಕಂಡರೆ ಕೋಣೆಯ ಬೆಳಕು ನುಸುಳುತ್ತಿದೆ ಎಂದರ್ಥ; ಫ್ಲಾಶಿನ ಜೊತೆ ಅದು ಬೆರೆತರೆ ಕೆನ್ನೆಯ ಅಂಚು ಹಸಿರಾಗುತ್ತದೆ. ಟ್ಯೂಬ್‌ಲೈಟ್ ಆರಿಸು, ಕಿಟಕಿಯ ಪರದೆ ಎಳೆ. ಮಿರರ್‌ಲೆಸ್ ಕ್ಯಾಮೆರಾ ಆದರೆ ಈ ಸೆಟ್ಟಿಂಗ್‌ನಲ್ಲಿ ಅದರ ಪರದೆಯೂ ಕಪ್ಪಾಗಿ, ಮುಖವೇ ಕಾಣದು. ಕೆಟ್ಟುಹೋಯಿತೆಂದು ಗಾಬರಿ ಬೇಡ. ಕ್ಯಾನನ್‌ನಲ್ಲಿ ಎಕ್ಸ್‌ಪೋಷರ್ ಸಿಮ್ಯುಲೇಷನ್, ಸೋನಿಯಲ್ಲಿ ಲೈವ್ ವ್ಯೂ ಡಿಸ್‌ಪ್ಲೇಯ ಸೆಟ್ಟಿಂಗ್ ಎಫೆಕ್ಟ್, ಇದನ್ನು ಆಫ್ ಮಾಡಿದರೆ ಸರಿಹೋಗುತ್ತದೆ. ಮಾಡೆಲಿಂಗ್ ಲ್ಯಾಂಪ್ ಹಚ್ಚಿಟ್ಟರೆ ಫೋಕಸ್ಸಿಗೂ ಅನುಕೂಲ.

ಎಫ್ 8 ಏಕೆ? ಫುಲ್‌ಫ್ರೇಮ್ ಕ್ಯಾಮೆರಾಗೆ 85 ಮಿ.ಮೀ. ಲೆನ್ಸ್ ಹಾಕಿ ಎರಡು ಮೀಟರ್ ದೂರದಿಂದ ತೆಗೆದರೆ, ಎಫ್ 8ರಲ್ಲಿ ಸುಮಾರು 25 ಸೆಂ.ಮೀ. ಆಳದಷ್ಟು ಸ್ಪಷ್ಟವಾಗಿರುತ್ತದೆ. ಮೂಗಿನ ತುದಿಯಿಂದ ಕಿವಿಯ ಓಲೆಯವರೆಗೆ ಅಷ್ಟು ಸಾಕು. ಎಫ್ 2ಕ್ಕೆ ಬಂದರೆ ಅದು ಆರೇಳು ಸೆಂ.ಮೀ.ಗೆ ಇಳಿಯುತ್ತದೆ, ಕಣ್ಣು ಚೂಪಾಗಿ, ಜುಮಕಿ ಮಸುಕಾಗುತ್ತದೆ. ನಮ್ಮಲ್ಲಿ ಮದುಮಗಳ ಚಿತ್ರ ತೆಗೆಸುವವರು ಓಲೆ, ಅಡ್ಡಿಕೆ, ಸೀರೆಯ ಜರಿ ಎಲ್ಲವೂ ಕಾಣಲಿ ಎನ್ನುತ್ತಾರೆ. ಅವರ ಮಾತು ಸರಿ. ಮಸುಕು ಹಿನ್ನೆಲೆ ಬಯಲಿನಲ್ಲಿ ಬೇಕಾಗುತ್ತದೆ. ಬೋಳು ಗೋಡೆಯ ಮುಂದೆ ಅದರಿಂದೇನು ಲಾಭ?

ಬೆಳಕಿನ ದೂರದ ಲೆಕ್ಕವನ್ನಂತೂ ಚೆನ್ನಾಗಿ ಮನಸ್ಸಿಗೆ ತಂದುಕೋ. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಪಾಲಾಗುತ್ತದೆ. ಗಂಡ ಹೆಂಡತಿ ಅಕ್ಕಪಕ್ಕ ಕೂತಿದ್ದಾರೆ, ಲೈಟು ಬದಿಯಲ್ಲಿದೆ ಎಂದಿಟ್ಟುಕೋ. ಒಬ್ಬರಿಗೆ ಅದು ಒಂದು ಮೀಟರ್, ಇನ್ನೊಬ್ಬರಿಗೆ ಎರಡು ಮೀಟರ್ ದೂರವಾದರೆ ಇಬ್ಬರ ನಡುವೆ ಎರಡು ಸ್ಟಾಪ್ ವ್ಯತ್ಯಾಸ. ಕ್ಯಾಮೆರಾದ ಯಾವ ಸೆಟ್ಟಿಂಗೂ ಇದನ್ನು ಸರಿಮಾಡದು. ಅದೇ ಲೈಟನ್ನು ಹಿಂದಕ್ಕೊಯ್ದು ಮೂರು ಮತ್ತು ನಾಲ್ಕು ಮೀಟರ್ ಮಾಡಿದರೆ ವ್ಯತ್ಯಾಸ ಒಂದು ಸ್ಟಾಪಿಗಿಂತ ಕಡಿಮೆ. ಪವರ್ ಮಾತ್ರ ಏರಿಸಬೇಕಾಗುತ್ತದೆ. ಆಗ ಲೈಟು ಮತ್ತೆ ತುಂಬಿಕೊಳ್ಳಲು ಹೊತ್ತು ಹಿಡಿಯುತ್ತದೆ. ಬೀಪ್ ಕೇಳುವವರೆಗೂ ಕ್ಲಿಕ್ ಮಾಡಬೇಡ.

ವೈಟ್ ಬ್ಯಾಲೆನ್ಸ್ 5500 ಕೆಲ್ವಿನ್‌ಗೆ ಇಟ್ಟುಬಿಡು. ಆಟೋದಲ್ಲಿದ್ದರೆ ಸೀರೆ ಬದಲಾದಾಗೆಲ್ಲ ಮೈಬಣ್ಣವೂ ಬದಲಾಗುತ್ತ ಹೋಗುತ್ತದೆ.

ಮೈಬಣ್ಣದ ಮಾತು ಬಂದದ್ದರಿಂದ ಹೇಳಲೇಬೇಕು. ಸಾಧ್ಯವಾದರೆ ಒಂದು ಫ್ಲಾಶ್ ಮೀಟರ್ ಕೊಂಡುಕೋ. ಅದರ ಬಿಳಿ ಗುಮ್ಮಟವನ್ನು ಗಲ್ಲದ ಕೆಳಗೆ, ಕ್ಯಾಮೆರಾದ ಕಡೆಗೆ ಹಿಡಿದು ಫ್ಲಾಶ್ ಹಾರಿಸು. ಎಫ್ 11 ತೋರಿಸಿದರೆ ಪವರ್ ಅರ್ಧಕ್ಕಿಳಿಸು, ಎಫ್ 8ಕ್ಕೆ ಬರುತ್ತದೆ. ಈ ಮೀಟರ್ ಅಳೆಯುವುದು ಮುಖದ ಮೇಲೆ ಬೀಳುವ ಬೆಳಕನ್ನು. ಮುಖ ಕಪ್ಪೋ ಬಿಳುಪೋ ಅದಕ್ಕೆ ಗೊತ್ತಿಲ್ಲ. ಆದ್ದರಿಂದಲೇ ಅದರ ಅಂಕಿಯಲ್ಲಿ ತೆಗೆದರೆ ಕಪ್ಪು ಮೈಬಣ್ಣ ತನ್ನ ಹೊಳಪಿನೊಡನೆ ಕಪ್ಪಾಗಿಯೇ, ಗೋಧಿ ಬಣ್ಣ ಗೋಧಿಯಾಗಿಯೇ ಬರುತ್ತದೆ. ಮೀಟರ್ ಇಲ್ಲವೆಂದರೆ ಸ್ಟೂಲಿನ ಮೇಲೆ ಬಿಳಿ ಪಂಚೆ ಹರಡಿ ಒಂದು ಚಿತ್ರ ತೆಗೆ. ಬಟ್ಟೆಯ ನೇಯ್ಗೆ ಕಾಣಬೇಕು, ಹೈಲೈಟ್ ಎಚ್ಚರಿಕೆ ಮಿನುಗಬಾರದು.

ಕೂತವರ ಮೈಬಣ್ಣ ಕಪ್ಪೆಂದು ಅಪರ್ಚರ್ ತೆರೆಯಬೇಡ. ತೆರೆದರೆ ಹಣೆ ಸುಣ್ಣ ಹಚ್ಚಿದಂತಾಗುತ್ತದೆ, ಕೆನ್ನೆಯ ಏರಿಳಿತ ಅಳಿಸಿಹೋಗುತ್ತದೆ, ಮೂಗುತಿಯ ಹರಳು ಬರೀ ಬಿಳಿ ಚುಕ್ಕೆಯಾಗುತ್ತದೆ. ಬೇಕಾದರೆ ಸಾಫ್ಟ್‌ಬಾಕ್ಸ್ ಇನ್ನೊಂದಿಷ್ಟು ಬದಿಗೆ ತಂದು ಕೆನ್ನೆಯ ಮೇಲೆ ಹೊಳಪು ಹರಿಯುವಂತೆ ಮಾಡು, ಎರಡನೇ ಲೈಟನ್ನು ಹಿಂದಿನಿಂದ ಕೂದಲಿಗೆ ಕೊಡು. ಕಪ್ಪು ಕೂದಲು ಹಿನ್ನೆಲೆಯಿಂದ ಬೇರೆಯಾಗಿ ಕಾಣುತ್ತದೆ. ವಧುಪರೀಕ್ಷೆಯ ಫೋಟೋ ಎಂದು ಬಂದ ತಾಯಂದಿರು “ಸ್ವಲ್ಪ ಬೆಳ್ಳಗೆ ಮಾಡಿಕೊಡಿ” ಎಂದು ಕೇಳುತ್ತಾರೆ. ಕೋಪ ಮಾಡಿಕೊಳ್ಳಬೇಡ, ಕೇಳಿದಂತೆ ಮಾಡಿಯೂ ಕೊಡಬೇಡ. ಸರಿಯಾದ ಬೆಳಕಿನಲ್ಲಿ ತೆಗೆದ ಒಂದು ಪ್ರಿಂಟನ್ನು ಮೊದಲು ಆ ಹುಡುಗಿಯ ಕೈಗೆ ಕೊಡು, ಆಮೇಲೆ ತಾಯಿಗೆ ತೋರಿಸು.