ಬಿದರಿಯ ದೀಪ

ದೀಪ, ಸುಗಂಧ ಇವೆರಡೂ ಇಲ್ಲದೆ ಕನ್ನಡ ನಾಡಿನಲ್ಲಿ ಯಾವ ಹಬ್ಬವೂ ಪೂರ್ಣವಾಗುವುದಿಲ್ಲ. ದೀಪಾವಳಿಯ ಸಂಜೆ ಭಾಲ್ಕಿಯ ಓಣಿಗಳಲ್ಲಿಯೂ ಔರಾದ ತಾಲ್ಲೂಕಿನ ಹಳ್ಳಿಗಳಲ್ಲಿಯೂ ಬೀದರ ಕೋಟೆಯ ಸುತ್ತಣ ಮನೆಗಳಲ್ಲಿಯೂ ಹಣತೆಗಳು ಸಾಲುಸಾಲಾಗಿ ಬೆಳಗುತ್ತವೆ. ದೇವರ ಮುಂದೆ ಊದುಬತ್ತಿಯ ಪರಿಮಳ ಹರಡುತ್ತದೆ. ಉರುಸಿನ ದಿನ ದರ್ಗಾಗಳಲ್ಲಿ ಲೋಬಾನದ ಹೊಗೆ ಏಳುತ್ತದೆ. ಮದುವೆಯ ಮನೆಯ ಬಾಗಿಲಲ್ಲಿ ಅತಿಥಿಗಳ ಮೇಲೆ ಪನ್ನೀರು ಚಿಮುಕಿಸಲ್ಪಡುತ್ತದೆ. ಧರ್ಮ ಯಾವುದೇ ಇರಲಿ, ಬೆಳಕು ಮತ್ತು ಗಂಧ ಸಂತೋಷದ ಗುರುತುಗಳಾಗಿವೆ.

ಬೆಳಕಿಗೂ ಗಂಧಕ್ಕೂ ಒಂದು ಆಧಾರ ಬೇಕು. ಬಡವನ ಮನೆಯ ಹಣತೆಯನ್ನು ಕುಂಬಾರನು ಮಣ್ಣಿನಿಂದ ಮಾಡುತ್ತಾನೆ. ಬೀದರ ನಗರದಲ್ಲಿ ಇದೇ ಉದ್ದೇಶಕ್ಕಾಗಿ ಮತ್ತೊಂದು ಬಗೆಯ ಪಾತ್ರೆಗಳೂ ಹುಟ್ಟಿಕೊಂಡವು. ದೀಪದ ಕಂಬ, ಊದುಬತ್ತಿಯ ಆಸರೆ, ಅತ್ತರುದಾನಿ, ಪನ್ನೀರುದಾನಿ, ನೀಳವಾದ ಕೊರಳಿನ ಹೂಜಿ ಇವೇ ಆ ಪಾತ್ರೆಗಳು. ಕಾಡಿಗೆಯಂತೆ ಕಪ್ಪಾದ ಲೋಹದ ಮೇಲೆ ಬೆಳ್ಳಿಯ ಹೂಬಳ್ಳಿಗಳು ಹೊಳೆಯುವ ಈ ಕೆಲಸಕ್ಕೆ ಬಿದರಿ ಎಂದು ಹೆಸರು. ಊರಿನ ಹೆಸರೇ ಕಲೆಗೂ ಬಂದಿದೆ.

ಬಹಮನಿ ಸುಲ್ತಾನರು 15ನೆಯ ಶತಮಾನದಲ್ಲಿ ಕಲಬುರ್ಗಿಯಿಂದ ಬೀದರಿಗೆ ತಮ್ಮ ರಾಜಧಾನಿಯನ್ನು ಬದಲಿಸಿದರು. ಇರಾನಿನ ಕಡೆಯಿಂದ ಬಂದ ಕುಶಲಕರ್ಮಿಗಳು ಈ ಕಲೆಯ ಬೀಜವನ್ನು ತಂದರೆಂದೂ, ಸ್ಥಳೀಯರ ಕೈಯಲ್ಲಿ ಅದು ಬೆಳೆಯಿತೆಂದೂ ಪರಂಪರೆ ಹೇಳುತ್ತದೆ. ಮೂಲ ಎಲ್ಲಿಯದೇ ಆಗಿರಲಿ, ಅದು ಬೇರೂರಿದ್ದು ಬೀದರಿನ ಮಣ್ಣಿನಲ್ಲಿ. ಈ ಮಾತು ಕೇವಲ ಅಲಂಕಾರವಲ್ಲ, ಅಕ್ಷರಶಃ ಸತ್ಯ. ಅದನ್ನು ತಿಳಿಯಬೇಕಾದರೆ ಒಂದು ದೀಪದ ಕಂಬ ಹೇಗೆ ಸಿದ್ಧವಾಗುತ್ತದೆ ಎಂಬುದನ್ನು ನೋಡಬೇಕು.

ಮೊದಲು ಸತುವು ಮತ್ತು ತಾಮ್ರವನ್ನು ಕರಗಿಸಿ ಬೆರೆಸುತ್ತಾರೆ. ಸಾಮಾನ್ಯವಾಗಿ 16 ಪಾಲು ಸತುವಿಗೆ 1 ಪಾಲು ತಾಮ್ರ ಸೇರುತ್ತದೆ. ಮಣ್ಣಿಗೆ ಔಡಲೆಣ್ಣೆ ಮತ್ತು ರಾಳವನ್ನು ಕಲಸಿ ಅಚ್ಚು ಮಾಡಿ, ಅದರಲ್ಲಿ ಕರಗಿದ ಲೋಹವನ್ನು ಹೊಯ್ಯುತ್ತಾರೆ. ಪೀಠ, ಕಂಬ, ಬಟ್ಟಲು ಮುಂತಾದ ಭಾಗಗಳನ್ನು ಬೇರೆಬೇರೆಯಾಗಿ ಎರಕ ಹೊಯ್ದು ಜೋಡಿಸುವುದುಂಟು. ಎರಕ ಆರಿದ ಮೇಲೆ ಒರಟು ಮೈಯನ್ನು ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಆಗ ಅದು ಬೂದು ಬಣ್ಣದ ಸಾಧಾರಣ ವಸ್ತುವಾಗಿ ಕಾಣುತ್ತದೆ.

ಅನಂತರ ಮೈಲುತುತ್ತದ ನೀರನ್ನು ಬಳಿದು ಅದನ್ನು ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಗೀಚಿದ ಗೆರೆ ಚೆನ್ನಾಗಿ ಕಾಣಲೆಂದು ಈ ಉಪಾಯ. ಕುಶಲಕರ್ಮಿಯು ಮೊನಚಾದ ಕಡ್ಡಿಯಿಂದ ಬಳ್ಳಿ, ಎಲೆ, ಹೂಗಳನ್ನು ಬರೆಯುತ್ತಾನೆ. ಆಮೇಲೆ ಸಣ್ಣ ಉಳಿಗಳಿಂದ ಆ ಗೆರೆಗಳನ್ನು ಕೆತ್ತಿ ಕಾಲುವೆ ಮಾಡುತ್ತಾನೆ. ಆ ಕಾಲುವೆಯಲ್ಲಿ ಬೆಳ್ಳಿಯ ತಂತಿಯನ್ನೋ ತಗಡಿನ ತುಣುಕನ್ನೋ ಇಟ್ಟು ಸುತ್ತಿಗೆಯಿಂದ ಮೆಲ್ಲನೆ ಬಡಿದು ಕೂರಿಸುತ್ತಾನೆ. ತಂತಿಯ ಕೆಲಸಕ್ಕೆ ತಾರ್‌ಕಶಿ ಎಂದೂ, ತಗಡನ್ನು ಆಳವಾಗಿ ಕೂರಿಸುವ ಕೆಲಸಕ್ಕೆ ತೆಹನಿಶಾನ್ ಎಂದೂ ಹೆಸರು. ಅಂಟು ಹಾಕಿಲ್ಲ, ಬೆಸುಗೆ ಇಲ್ಲ. ಕೆತ್ತನೆಯ ಅಳತೆಯೇ ಬೆಳ್ಳಿಯನ್ನು ಹಿಡಿದಿಡುತ್ತದೆ. ಕಾಲುವೆ ಕೂದಲೆಳೆಯಷ್ಟು ಅಗಲವಾದರೂ ಬೆಳ್ಳಿ ಸಡಿಲವಾಗುತ್ತದೆ. ಆದ್ದರಿಂದ ಈ ಕೆಲಸಕ್ಕೆ ಕಣ್ಣು, ಕೈ, ತಾಳ್ಮೆ ಮೂರೂ ಬೇಕು.

ಬಳಿಕ ಪಾತ್ರೆಯನ್ನು ಮತ್ತೆ ಉಜ್ಜಿದಾಗ ತಾತ್ಕಾಲಿಕ ಕಪ್ಪು ಹೋಗುತ್ತದೆ. ಬೂದು ಲೋಹ, ಬಿಳಿ ಬೆಳ್ಳಿ ಒಂದರಲ್ಲೊಂದು ಬೆರೆತಂತಾಗಿ, ಅಷ್ಟು ದಿನಗಳ ಚಿತ್ರವೇ ಅಳಿಸಿಹೋಯಿತೋ ಎಂಬ ಭ್ರಮೆ ಹುಟ್ಟುತ್ತದೆ. ಆಗ ಬರುವುದು ಕೋಟೆಯ ಮಣ್ಣು. ಹಳೆಯ ಕಟ್ಟಡಗಳ ಒಳಗೆ, ಬಹುಕಾಲ ಬಿಸಿಲನ್ನಾಗಲಿ ಮಳೆಯನ್ನಾಗಲಿ ಕಾಣದ ಎಡೆಯ ಮಣ್ಣನ್ನೇ ಆರಿಸುತ್ತಾರೆ. ಅನುಭವಿಗಳು ಅದನ್ನು ನಾಲಗೆಯ ಮೇಲಿಟ್ಟು ರುಚಿ ನೋಡಿ ಗುಣವನ್ನು ನಿರ್ಣಯಿಸುತ್ತಾರೆ. ಮಣ್ಣಿನಲ್ಲಿರುವ ಲವಣಗಳು ನೀರಿನಲ್ಲಿ ಕರಗುವಂಥವು. ಮಳೆಯಲ್ಲಿ ತೊಯ್ದ ಮಣ್ಣಿನಿಂದ ಅವು ಕೊಚ್ಚಿಹೋಗುತ್ತವೆ. ಹಿರಿಯರ ಕಟ್ಟಳೆಯ ಹಿಂದೆ ಇಂಥ ಕಾರಣವಿದೆ.

ಈ ಮಣ್ಣಿಗೆ ನವಸಾಗರವನ್ನು ಬೆರೆಸಿ ನೀರಿನಲ್ಲಿ ಕುದಿಸಿ, ಹದವಾಗಿ ಬಿಸಿ ಮಾಡಿದ ಪಾತ್ರೆಗೆ ಲೇಪಿಸುತ್ತಾರೆ. ಕೆಲವೇ ಕ್ಷಣಗಳಲ್ಲಿ ಸತುವಿನ ಮೈ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ತನ್ನ ಬಿಳುಪನ್ನು ಬಿಡುವುದಿಲ್ಲ. ಮಿಶ್ರಣದಲ್ಲಿರುವ ಅಲ್ಪ ಪ್ರಮಾಣದ ತಾಮ್ರವೇ ಈ ಕಪ್ಪಿಗೆ ನೆರವಾಗುತ್ತದೆ. ತೊಳೆದು ಎಣ್ಣೆ ಸವರಿದಾಗ, ಅಡಗಿದ್ದ ಹೂಬಳ್ಳಿ ಕತ್ತಲೆಯಲ್ಲಿ ಹಚ್ಚಿದ ದೀಪದಂತೆ ಎದ್ದು ಕಾಣುತ್ತದೆ. ಹೀಗೆ ಬಡವನ ಹಣತೆಯಂತೆಯೇ ಸಿರಿವಂತನ ದೀಪವೂ ಮಣ್ಣಿಗೆ ಋಣಿಯಾಗಿದೆ.

ಬೀದರಿನಲ್ಲಿ ಈ ಕಸುಬನ್ನು ಹೆಚ್ಚಾಗಿ ಮುಸ್ಲಿಂ ಕುಟುಂಬಗಳು ತಲೆಮಾರುಗಳಿಂದ ಉಳಿಸಿಕೊಂಡು ಬಂದಿವೆ. ಅವರ ಕೈಯಿಂದ ಹೊರಟ ದೀಪ ಹಿಂದೂಗಳ ದೇವರ ಕೋಣೆಯಲ್ಲಿ ಬೆಳಗುತ್ತದೆ. ಅವರದೇ ಪನ್ನೀರುದಾನಿ ಎಲ್ಲ ಮತದವರ ಮದುವೆಗಳಲ್ಲಿಯೂ ಪರಿಮಳ ಬೀರುತ್ತದೆ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿಯೂ ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿಯೂ ಬಿದರಿ ಪಾತ್ರೆಗಳನ್ನು ಕಾಣಬಹುದು. 2006ರಲ್ಲಿ ಈ ಕಲೆಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. 2023ರಲ್ಲಿ ಬೀದರಿನ ಹಿರಿಯ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಭಾರತ ಸರ್ಕಾರವು ಪದ್ಮಶ್ರೀ ಪ್ರಶಸ್ತಿ ನೀಡಿ ಗೌರವಿಸಿತು.

ಮನ್ನಣೆಯೊಂದರಿಂದಲೇ ಕಲೆ ಬದುಕುವುದಿಲ್ಲ. ಬೆಳ್ಳಿಯ ಬೆಲೆ ಏರಿದಂತೆ ಪಾತ್ರೆಯ ಬೆಲೆಯೂ ಏರುತ್ತದೆ, ಕೊಳ್ಳುವವರು ಹಿಂಜರಿಯುತ್ತಾರೆ. ದಿನವಿಡೀ ಬಾಗಿ ಕುಳಿತು ಕೆತ್ತುವವನಿಗೆ ತಕ್ಕ ಪ್ರತಿಫಲ ಸಿಗದಿದ್ದರೆ, ಮಗನು ತಂದೆಯ ಉಳಿಯನ್ನು ಕೈಗೆತ್ತಿಕೊಳ್ಳುವನೆ? ಕೋಟೆಯ ಮಣ್ಣೂ ಅಕ್ಷಯವಲ್ಲ. ಶತಮಾನಗಳ ನೆರಳಿನಲ್ಲಿ ಹದಗೊಂಡ ಮಣ್ಣನ್ನು ಒಂದು ದಿನದಲ್ಲಿ ಮಾಡಲಾಗದು. ಅದಕ್ಕಿಂತ ಬೇಗನೆ ಮುಗಿದುಹೋಗಬಹುದಾದದ್ದು ಕೈಯ ತಿಳಿವಳಿಕೆ. ಪುಸ್ತಕದಲ್ಲಿ ಮಿಶ್ರಣದ ಪ್ರಮಾಣವನ್ನು ಬರೆದಿಡಬಹುದು. ಸುತ್ತಿಗೆಯ ಪೆಟ್ಟಿನ ಹದವನ್ನೂ ಮಣ್ಣಿನ ರುಚಿಯನ್ನೂ ಬರೆದಿಡಲಾಗದು. ಅದು ಕೈಯಿಂದ ಕೈಗೆ, ನಾಲಗೆಯಿಂದ ನಾಲಗೆಗೆ ಸಾಗಬೇಕು.

ಬಿದರಿಯ ವಸ್ತುವನ್ನು ಕಾಪಾಡುವುದು ಸುಲಭ. ಹುಣಸೆಹುಳಿ ಹಾಕಿ ತಿಕ್ಕಬಾರದು, ಕಪ್ಪು ಕೆಡುತ್ತದೆ. ಮೃದುವಾದ ಬಟ್ಟೆಗೆ ತುಸು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಸಾಕು. ಬಿದರಿಯ ಕಲೆಯನ್ನು ಕಾಪಾಡುವುದು ಅಷ್ಟು ಸುಲಭವಲ್ಲ. ಅದಕ್ಕೆ ಕಲಿಯುವ ಮನಸ್ಸು, ಕಲಿಸುವ ಗುರು, ಬೆಲೆ ತಿಳಿದು ಕೊಳ್ಳುವ ಸಮಾಜ ಬೇಕು. ಒಂದು ದೀಪದಿಂದ ಇನ್ನೊಂದು ದೀಪವನ್ನು ಹಚ್ಚುವಂತೆ, ಬಲ್ಲವರು ಇರುವಾಗಲೇ ಕಲಿಯುವವರು ಮುಂದೆ ಬರಬೇಕು. ದೀಪ ಆರಿದ ಮೇಲೆ ಬತ್ತಿಯನ್ನು ನೀಡಿ ಫಲವಿಲ್ಲ.

ಅಭ್ಯಾಸ

1. ಬಿದರಿ ಪಾತ್ರೆಗೆ ಬಳಸುವ ಲೋಹಗಳು ಯಾವುವು?
2. ಬಿಸಿಲು, ಮಳೆ ಕಾಣದ ಮಣ್ಣನ್ನೇ ಏಕೆ ಆರಿಸುತ್ತಾರೆ?
3. 'ಸಿರಿವಂತನ ದೀಪವೂ ಮಣ್ಣಿಗೆ ಋಣಿಯಾಗಿದೆ' ಈ ಮಾತನ್ನು ವಿವರಿಸಿರಿ.
4. ಬಿದರಿ ಕಲೆಯ ಮುಂದಿರುವ ಕಷ್ಟಗಳೇನು?
5. ನಿಮ್ಮ ಊರಿನ ಒಬ್ಬ ಕುಶಲಕರ್ಮಿಯ ಕೆಲಸವನ್ನು ನೋಡಿ, ಅದರ ಹಂತಗಳನ್ನು ಕ್ರಮವಾಗಿ ಬರೆಯಿರಿ.