ಮೊರೇರ ಬೆಟ್ಟ ಹತ್ತುವ ಮುಂಚೆ

ತಮ್ಮಾ, ಗೆಳೆಯರ ಜೊತೆ ಹಿರೇಬೆಣಕಲ್ಲಿನ ಮೊರೇರ ಬೆಟ್ಟಕ್ಕೆ ಹೊರಟಿದ್ದೀಯಂತೆ, ಬಹಳ ಸಂತೋಷ. ನಮ್ಮ ಗಂಗಾವತಿಯ ಮಗ್ಗುಲಲ್ಲೇ ಇರುವ ಆ ಜಾಗ 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಮೇಲೆ ಸುಮಾರು 400 ಶಿಲಾಸಮಾಧಿಗಳಿವೆ. ಹೋದವರೆಲ್ಲ ಕಲ್ಲುಮನೆಗಳಂತಿರುವ ಆ ಸಮಾಧಿಗಳ ಮುಂದೆ ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. ನೀನು ಬಂಡೆಗಳು ಚಾಚಿಕೊಂಡು ನೆರಳು ಮಾಡಿರುವ ಕಡೆಯೂ ನಿಲ್ಲು. ಅಲ್ಲಿ ಕೆಮ್ಮಣ್ಣಿನ ಬಣ್ಣದ ಚಿತ್ರಗಳಿವೆ.

ಬಿಸಿಲಿನಿಂದ ಒಳಗೆ ಬಂದ ಕಣ್ಣಿಗೆ ಮೊದಲು ಕಲೆ ಬಿದ್ದ ಬಂಡೆಯಷ್ಟೇ ಕಾಣುತ್ತದೆ. ಅವಸರ ಮಾಡದೆ ಕೂತುಕೊ. ಸ್ವಲ್ಪ ಹೊತ್ತಿಗೆ ಒಂದು ಕೊಂಬು ಕಾಣುತ್ತದೆ, ಆಮೇಲೆ ಜಿಂಕೆಯ ಬೆನ್ನು, ಆಮೇಲೆ ಸಾಲಾಗಿ ಕುಣಿಯುತ್ತಿರುವ ಜನ. ಎಲ್ಲವೂ ಒಂದೇ ಕಾಲದವಲ್ಲ. ಕುದುರೆ ಸವಾರರ ಚಿತ್ರಗಳನ್ನು ಕಬ್ಬಿಣ ಯುಗಕ್ಕೆ ಸೇರಿಸುತ್ತಾರೆ ತಿಳಿದವರು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿದ್ದದ್ದು ಇದು. ಬಾಟಲಿಯ ನೀರನ್ನು ಬಂಡೆಗೆ ಎರಚಬೇಡ. ಎರಚಿದ ಕ್ಷಣ ಬಣ್ಣ ಕೆಂಪಗೆ ಎದ್ದು ಕಾಣುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಜನ ಅದಕ್ಕೇ ಹಾಗೆ ಮಾಡುವುದು. ಆದರೆ ಕಲ್ಲಿನೊಳಗಿನ ಉಪ್ಪಿನಂಶ ಆ ನೀರಿನಲ್ಲಿ ಕರಗಿ ಹೊರಬಂದು, ಒಣಗುವಾಗ ಚಿತ್ರದ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ಬಣ್ಣವೂ ಸಡಿಲವಾಗುತ್ತದೆ. ಸಾವಿರಾರು ವರ್ಷ ಮಳೆಗೆ ಮರೆಯಾಗಿ ಉಳಿದದ್ದನ್ನು ನಾವು ಕುಡಿಯುವ ನೀರಿನಿಂದ ಅಳಿಸುವುದೆಂದರೆ ನನಗೆ ಹೊಟ್ಟೆ ಉರಿಯುತ್ತದೆ. ಸೀಮೆಸುಣ್ಣದಲ್ಲಿ ಗೆರೆ ತಿದ್ದುವುದು, ಬೆರಳಿಂದ ಸವರುವುದು, ಅಡಿಯಲ್ಲಿ ಒಲೆ ಹೂಡುವುದು ಇವೂ ಬೇಡ. ಗೆಳೆಯರಲ್ಲಿ ಯಾರಾದರೂ ಹೆಸರು ಕೆತ್ತಲು ಹೋದರೆ ಕೈ ಹಿಡಿದು ನಿಲ್ಲಿಸು, ಮನಸ್ತಾಪವಾದರೂ ಚಿಂತೆಯಿಲ್ಲ.

ಮಸುಕಾದ ಚಿತ್ರ ನೋಡುವುದಕ್ಕೆ ಒಳ್ಳೆಯ ಉಪಾಯವೇ ಇದೆ. ಫ್ಲಾಶ್ ಇಲ್ಲದೆ ನಿಧಾನವಾಗಿ ಫೋಟೊ ತೆಗೆ. ಮನೆಗೆ ಬಂದಮೇಲೆ ಅದನ್ನು ಡಿಸ್ಟ್ರೆಚ್ ಎಂಬ ತಂತ್ರಾಂಶಕ್ಕೆ ಹಾಕು. ಇಂಥ ಬಂಡೆಚಿತ್ರಗಳಿಗೆಂದೇ ಮಾಡಿದ್ದು ಅದು. ಬರಿಗಣ್ಣಿಗೆ ಸಿಕ್ಕದ ಕೆಂಪು ಗೆರೆಗಳೂ ಅದರಲ್ಲಿ ಎದ್ದುಬರುತ್ತವೆ.

ಬೆಳಿಗ್ಗೆ ಬೇಗ ಹತ್ತಿ, ಹೊತ್ತು ಮುಳುಗುವ ಮೊದಲೇ ಇಳಿಯಿರಿ. ಕರಡಿ, ಚಿರತೆ ಓಡಾಡುವ ಸೀಮೆ ಅದು. ಹೆಜ್ಜೇನು ಕಟ್ಟಿದ ಬಂಡೆಯ ಹತ್ತಿರ ಸುಳಿಯಬೇಡಿ. ದಾರಿಗೆ ಊರಿನವರೊಬ್ಬರನ್ನು ಕರೆದುಕೊಂಡು ಹೋಗಿ, ದಿನದ ಕೂಲಿ ತಪ್ಪದೆ ಕೊಡಿ. ಕುರಿ ಕಾಯ್ದವರು ಸಿಕ್ಕರಂತೂ ಬಿಡಲೇಬೇಡ. ಮಳೆಗೆ ಎಲ್ಲೆಲ್ಲಿ ನಿಲ್ಲುತ್ತಿದ್ದಿರಿ ಎಂದು ಕೇಳು. ಅಂಥ ಜಾಗಗಳಲ್ಲೇ ಚಿತ್ರಗಳೂ ಇರುತ್ತವೆ.